ಅಟ್ಟದ ಟ್ರಂಕಿನಲ್ಲಿ ನ್ಯಾನ್ಸಿ ಡ್ರೂ

ಸೊಕ್ಕೆಯ ನಮ್ಮನೆ ಅಟ್ಟದ ಟ್ರಂಕಿನಲ್ಲಿ ಈ ನ್ಯಾನ್ಸಿ ಡ್ರೂ ಪತ್ತೇದಾರಿ ಪುಸ್ತಕ ಸಿಕ್ಕಿತು. ಅಕ್ಕ ದಾವಣಗೆರೆಯಿಂದ ತಂದಿದ್ದು. ಪುಟಗಳ ನಡುವೆ ಅವಳ ಬಸ್ ಟಿಕೆಟ್ಟು ಇನ್ನೂ ಇದೆ!

ಅಪ್ಪ ಓದುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಗಂಡಸು. ಟಾರ್ಚು ಹಿಡಿದ ಹುಡುಗಿಯನ್ನು ನಾನು ಮೊದಲು ಕಂಡಿದ್ದು ಇದರಲ್ಲೇ.

ಆಗ ಕಳ್ಳ ಯಾರು ಅನ್ನೋದೇ ಮುಖ್ಯವಾಗಿತ್ತು. ಈಗ ಕಣ್ಣು ನಿಂತಿದ್ದು ಅವಳ ನೀಲಿ ಕಾರಿನ ಮೇಲೆ. ಹದಿನೆಂಟರ ಹುಡುಗಿ, ಕೀಲಿ ಅವಳ ಕೈಯಲ್ಲೇ; ಅವಳಪ್ಪ ತಡೆಯೋದಿಲ್ಲ.

ಮುಖಪುಟದ ಕ್ಯಾರೊಲಿನ್ ಕೀನ್ ಬರೀ ಕಾವ್ಯನಾಮ. 1930ರಲ್ಲಿ ಮೊದಲ ಕಥೆಗಳನ್ನು ಬರೆದವರು ಮಿಲ್ಡ್ರೆಡ್ ವರ್ಟ್. ಪುಸ್ತಕಕ್ಕೆ 125 ಡಾಲರ್ ಕೊಟ್ಟರು, ಹೆಸರು ಹಾಕಲಿಲ್ಲ. 1959ರಿಂದ ಹಳೆಯ ಕಥೆಗಳನ್ನು ತಿದ್ದಿದರು. ಜನಾಂಗದ ಅವಹೇಳನ ಹೋಯಿತು, ಒಳ್ಳೆಯದೇ. ಆದರೆ ನ್ಯಾನ್ಸಿಯ ಖಾರವೂ ಹೋಯಿತಲ್ಲ!

ಇದನ್ನು ಅಕ್ಕನ ಮಗಳಿಗೆ ಕೊಡ್ತೀನಿ, ಆ ಟಿಕೆಟ್ಟಿನ ಸಮೇತ.