ಟಿಕೆಟ್ ಕೊಡುವವರು ಯಾರು?

2024ರ ಫೆಬ್ರವರಿ 27ರಂದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಮತದಾನ ನಡೆಯಿತು. ಮತಪತ್ರದಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಅವರ ಹೆಸರಿತ್ತು. ಬೇರೆ ಕೆಲವರ ಹೆಸರೂ ಇತ್ತು. ಆದರೆ ಒಂದು ಲಕ್ಷಕ್ಕೂ ಅಧಿಕ ಮಂದಿ ಅವರಾರನ್ನೂ ಆರಿಸದೆ 'ಅನ್‌ಕಮಿಟೆಡ್', ಅಂದರೆ ಯಾರಿಗೂ ಬದ್ಧರಲ್ಲ ಎಂಬಲ್ಲಿ ಗುರುತು ಹಾಕಿ ಬಂದರು. ಅರಬ್ ಮೂಲದವರು ಹೆಚ್ಚಾಗಿರುವ ಡಿಯರ್‌ಬಾರ್ನ್ ನಗರದಲ್ಲಂತೂ ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆಯೇ ಬಿದ್ದವು. ಗಾಝಾದಲ್ಲಿ ಮಕ್ಕಳು ಸಾಯುತ್ತಿರುವಾಗ ಇಸ್ರೇಲಿಗೆ ಶಸ್ತ್ರ ಒದಗಿಸುತ್ತಿರುವ ಅಧ್ಯಕ್ಷರಿಗೆ ನಮ್ಮ ಮತವಿಲ್ಲ ಎಂಬುದು ಅವರ ಮಾತಾಗಿತ್ತು.

ವಿಶೇಷವೆಂದರೆ ಇವರು ವಿರೋಧ ಪಕ್ಷದವರಲ್ಲ. ಬೈಡನ್ ಅವರ ಡೆಮಾಕ್ರಟಿಕ್ ಪಕ್ಷದ ಮತಪತ್ರವನ್ನೇ ಕೇಳಿ ಪಡೆದವರು. ಸ್ವಂತ ಪಕ್ಷದ ಅಧ್ಯಕ್ಷರಿಗೆ ಎದುರಾಗಿ ಮತ ಹಾಕುವುದು ಹೇಗೆ ಸಾಧ್ಯ? ಸಾಧ್ಯ. ಯಾಕೆಂದರೆ ಅದು ಅಧ್ಯಕ್ಷರನ್ನು ಆರಿಸುವ ಚುನಾವಣೆಯಲ್ಲ, ಪಕ್ಷದ ಟಿಕೆಟ್ ಯಾರಿಗೆ ಎಂದು ತೀರ್ಮಾನಿಸುವ ಚುನಾವಣೆ. ಅದನ್ನು 'ಪ್ರೈಮರಿ' ಎನ್ನುತ್ತಾರೆ.

ನಮ್ಮಲ್ಲಿ ಟಿಕೆಟಿಗಾಗಿ ದೆಹಲಿಗೆ ಓಡಾಡುವ ನಾಯಕರನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಸಾಮಾನ್ಯ ಮತದಾರರೇ ಮತಗಟ್ಟೆಗೆ ಹೋಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ನ್ಯೂಯಾರ್ಕಿನಂತಹ ರಾಜ್ಯಗಳಲ್ಲಿ ಆ ಪಕ್ಷದವರೆಂದು ಮೊದಲೇ ಹೆಸರು ನೋಂದಾಯಿಸಿರಬೇಕು. ಮಿಷಿಗನ್‌ನಲ್ಲಿ ಆ ಕಟ್ಟಳೆಯಿಲ್ಲ, ಯಾವ ಪಕ್ಷದ ಮತಪತ್ರ ಬೇಕೆಂದು ಹೇಳಿದರಾಯಿತು. ಇನ್ನು ಕೆಲವೆಡೆ ಪ್ರೈಮರಿಯ ಬದಲು ಪಕ್ಷದವರೇ ಶಾಲೆಯಲ್ಲೋ ಚರ್ಚಿನಲ್ಲೋ ಸಭೆ ಸೇರಿ ನಿರ್ಧರಿಸುವುದುಂಟು.

ಅಧ್ಯಕ್ಷ ಪದವಿಯ ವಿಷಯದಲ್ಲಿ ಮಾತ್ರ ಲೆಕ್ಕ ಸ್ವಲ್ಪ ಸುತ್ತುಬಳಸಿನದು. ಮತಗಳಿಗೆ ಅನುಸಾರವಾಗಿ ಪ್ರತಿಯೊಂದು ರಾಜ್ಯದಿಂದ ಪ್ರತಿನಿಧಿಗಳು ಆಯ್ಕೆಯಾಗುತ್ತಾರೆ. ಬೇಸಿಗೆಯಲ್ಲಿ ನಡೆಯುವ ಪಕ್ಷದ ಮಹಾಧಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರತಿನಿಧಿಗಳ ಬೆಂಬಲ ಪಡೆದವರಿಗೆ ಟಿಕೆಟ್. 2024ರಲ್ಲಿ ರಿಪಬ್ಲಿಕನ್ ಪಕ್ಷದ ಪ್ರತಿನಿಧಿಗಳು 2,429 ಮಂದಿಯಿದ್ದರು, ಗೆಲ್ಲಲು 1,215 ಬೇಕಿತ್ತು. ಆ ಪಕ್ಷದಲ್ಲಿ ಹಲವು ರಾಜ್ಯಗಳ ಪ್ರತಿನಿಧಿಗಳೆಲ್ಲರೂ ಮುಂದಿರುವವನ ಪಾಲಾಗುತ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಹಾಗಲ್ಲ. ರಾಜ್ಯದಲ್ಲಾಗಲಿ, ಒಂದು ಕ್ಷೇತ್ರದಲ್ಲಾಗಲಿ ಶೇಕಡಾ 15ರಷ್ಟು ಮತ ಪಡೆದರೆ ಪಾಲು ಸಿಗುತ್ತದೆ. ಮಿಷಿಗನ್‌ನ ಆ ಮತಗಳು ಒಟ್ಟಿನಲ್ಲಿ ಸುಮಾರು ಶೇಕಡಾ 13 ಆಗಿದ್ದರೂ ಎರಡು ಕ್ಷೇತ್ರಗಳಲ್ಲಿ 15ನ್ನು ದಾಟಿದ್ದರಿಂದ ಇಬ್ಬರು ಪ್ರತಿನಿಧಿಗಳು ದೊರೆತರು. ಮುಂದಿನ ವಾರ ಮಿನ್ನೆಸೊಟಾ ರಾಜ್ಯದಿಂದ 11 ಮಂದಿ ಸೇರಿದರು.

ಈ ಹಕ್ಕು ಅಮೆರಿಕದವರಿಗೆ ಬಿಟ್ಟಿಯಾಗಿ ಬಂದದ್ದಲ್ಲ. ಬಹುಕಾಲ ಅಲ್ಲೂ ಮುಖಂಡರು ಕೋಣೆಯೊಳಗೆ ಕುಳಿತೇ ಅಭ್ಯರ್ಥಿಯನ್ನು ನಿರ್ಧರಿಸುತ್ತಿದ್ದರು. ಆ ಕೋಣೆಯ ಬಾಗಿಲು ಬಡಿದವರಲ್ಲಿ ಒಬ್ಬಾಕೆಯನ್ನು ನಾವು ತಿಳಿದಿರಬೇಕು. ಹೆಸರು ಫ್ಯಾನಿ ಲೂ ಹೇಮರ್. ಮಿಸಿಸಿಪ್ಪಿ ರಾಜ್ಯದ ಬಡ ಕಪ್ಪು ಗೇಣಿದಾರರ 20ನೇ ಮಗು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದ ತಪ್ಪಿಗೆ, 18 ವರ್ಷ ದುಡಿದ ತೋಟದಿಂದ ಅಂದೇ ಆಕೆಯನ್ನು ಹೊರಹಾಕಲಾಯಿತು. ಮರುವರ್ಷ ಜೈಲಿನಲ್ಲಿ ಅಮಾನುಷವಾಗಿ ಥಳಿಸಲಾಯಿತು. ಅಲ್ಲಿನ ಡೆಮಾಕ್ರಟಿಕ್ ಪಕ್ಷ ಕಪ್ಪು ಜನರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆಕೆ ಮತ್ತು ಸಂಗಡಿಗರು ತಮ್ಮದೇ ಸಭೆ ನಡೆಸಿ, 68 ಪ್ರತಿನಿಧಿಗಳನ್ನು ಆರಿಸಿ, 1964ರಲ್ಲಿ ಅಟ್ಲಾಂಟಿಕ್ ಸಿಟಿಯ ಅಧಿವೇಶನಕ್ಕೆ ಹೊರಟರು. ಮಿಸಿಸಿಪ್ಪಿಯ ನಿಜವಾದ ಪ್ರತಿನಿಧಿಗಳು ನಾವು, ನಮಗೆ ಸ್ಥಾನ ಕೊಡಿ ಎಂದರು.

ಹೇಮರ್ ತನ್ನ ಕಥೆಯನ್ನು ಸಮಿತಿಯ ಮುಂದೆ ಹೇಳತೊಡಗಿದಾಗ ಟಿವಿಯಲ್ಲಿ ಅದು ನೇರ ಪ್ರಸಾರವಾಗುತ್ತಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ ಗಾಬರಿಗೊಂಡು ಅದೇ ಹೊತ್ತಿಗೆ ತುರ್ತು ಪತ್ರಿಕಾಗೋಷ್ಠಿ ಕರೆದರು. ಕ್ಯಾಮೆರಾಗಳು ಅತ್ತ ತಿರುಗಿದವು. ಆದರೇನು? ರಾತ್ರಿ ಟಿವಿಗಳು ಹೇಮರ್‌ರ ಮಾತನ್ನು ಮತ್ತೆ ತೋರಿಸಿದವು, ದೇಶವೇ ಕೇಳಿತು! ಕೊನೆಗೆ ಪಕ್ಷ ಎರಡು ಸ್ಥಾನ ಕೊಡಲು ಮುಂದಾಯಿತು. ಅವರು ಬೇಡವೆಂದು ಮರಳಿದರು. ನಾಲ್ಕು ವರ್ಷಗಳ ನಂತರ ಅದೇ ಹೇಮರ್ ಪ್ರತಿನಿಧಿಯಾಗಿ ಅಧಿವೇಶನದೊಳಗೆ ಕುಳಿತರು. ಆ 1968ರಲ್ಲಿ, ಪ್ರೈಮರಿಗಳಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರಿಗೆ ಮುಖಂಡರು ಟಿಕೆಟ್ ಕೊಟ್ಟಾಗ ಶಿಕಾಗೋದ ಬೀದಿಗಳಲ್ಲಿ ಗದ್ದಲವೆದ್ದಿತು. ಪಕ್ಷ ನಿಯಮ ಬದಲಿಸಬೇಕಾಯಿತು. 1972ರಿಂದ ಪ್ರೈಮರಿಯ ಮತಗಳೇ ಮುಖ್ಯವಾದವು.

ಪ್ರೈಮರಿಯಲ್ಲಿ ಮತ ಹಾಕುವವರು ಕಡಿಮೆ, ಆದುದರಿಂದ ಅಲ್ಲಿ ಒಂದೊಂದು ಮನೆಯ ಮತಕ್ಕೂ ತೂಕ ಹೆಚ್ಚು. ಫೆಲೆಸ್ತೀನ್ ಮೂಲದ ದಂಪತಿಗಳ 14 ಮಕ್ಕಳಲ್ಲಿ ಹಿರಿಯಳಾದ ರಶೀದಾ ತ್ಲೈಬ್ 2018ರ ಆಗಸ್ಟಿನಲ್ಲಿ ಡೆಟ್ರಾಯಿಟ್‌ನ ಪ್ರೈಮರಿಯನ್ನು ಗೆದ್ದದ್ದು ಕೇವಲ 900 ಮತಗಳಿಂದ. ಎದುರು ಪಕ್ಷದ ಅಭ್ಯರ್ಥಿಯೇ ಇರಲಿಲ್ಲ, ಹಾಗಾಗಿ ಆಕೆಯ ಸಂಸತ್ ಪ್ರವೇಶ ಅಂದೇ ಬಹುತೇಕ ಖಚಿತವಾಗಿತ್ತು. ಇಲ್ಹಾನ್ ಉಮರ್ ಜೊತೆ ಅಮೆರಿಕದ ಸಂಸತ್ತಿನ ಮೊದಲ ಮುಸ್ಲಿಮ್ ಮಹಿಳೆಯರಾದದ್ದು ಹೀಗೆ. ಮಿಷಿಗನ್‌ನಲ್ಲಿ 'ಅನ್‌ಕಮಿಟೆಡ್' ಪ್ರಚಾರದ ಮುಂದಾಳು ಲೈಲಾ ಎಲಾಬೆದ್ ಇದೇ ರಶೀದಾರ ತಂಗಿ.

ಆ ಪ್ರಚಾರ ಎಲ್ಲಿಗೆ ಮುಟ್ಟಿತು? ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು. ಅದಕ್ಕೆ ಮುಖ್ಯ ಕಾರಣ ಅವರ ವಯಸ್ಸು, ಗಾಝಾ ಅಲ್ಲ. ಆ ವರ್ಷದ ಯಾವ ಪ್ರೈಮರಿಯಲ್ಲೂ ಅಧ್ಯಕ್ಷ ಪದವಿಗೆ ಸ್ಪರ್ಧಿಸದ ಕಮಲಾ ಹ್ಯಾರಿಸ್ ಅವರನ್ನು ಪ್ರತಿನಿಧಿಗಳೇ ಆನ್‌ಲೈನ್ ಮತದಾನದಲ್ಲಿ ಆರಿಸಿದರು. ಜನರು ಆರಿಸುವ ಪದ್ಧತಿಯಲ್ಲಿ ಇದೊಂದು ತೇಪೆಯೆಂದೇ ಹೇಳಬೇಕು.

ಆಗಸ್ಟಿನಲ್ಲಿ ಅಧಿವೇಶನ ಮತ್ತೆ ಶಿಕಾಗೋದಲ್ಲಿ. ಯಾರಿಗೂ ಬದ್ಧರಲ್ಲದ ಪ್ರತಿನಿಧಿಗಳು ವೇದಿಕೆಯಲ್ಲಿ ಒಬ್ಬ ಫೆಲೆಸ್ತೀನ್ ಮೂಲದವರಿಗೆ ಕೆಲವು ನಿಮಿಷ ಕೊಡಿರೆಂದು ಕೇಳಿದರು. ಹಮಾಸ್‌ನ ಒತ್ತೆಯಲ್ಲಿದ್ದ ಯುವಕನ ತಂದೆತಾಯಿ ಅಲ್ಲಿ ಮಾತನಾಡಿದರು, ಅದು ಸರಿಯೇ. ಆದರೆ ಈ ಬೇಡಿಕೆಯನ್ನು ಪಕ್ಷ ಒಪ್ಪಲಿಲ್ಲ. ಪ್ರತಿನಿಧಿಗಳು ರಾತ್ರಿಯಿಡೀ ಹೊರಗಿನ ಕಾಲುದಾರಿಯಲ್ಲಿ ಕುಳಿತರು. ಮಾತನಾಡಲು ಅವರು ಸೂಚಿಸಿದ್ದ ಜಾರ್ಜಿಯಾದ ಶಾಸಕಿ ರುವಾ ರೊಮ್ಮಾನ್ ತಾನು ಸಿದ್ಧಪಡಿಸಿದ್ದ ಭಾಷಣವನ್ನು ಸಭಾಂಗಣದ ಹೊರಗೇ ನಿಂತು ಓದಿದರು. ಹ್ಯಾರಿಸ್ ಅವರನ್ನು ಗೆಲ್ಲಿಸೋಣ ಎಂಬ ಮಾತೂ ಅದರಲ್ಲಿತ್ತು.