ಎಕರೆಗೆ ಎಷ್ಟು ಚೀಲ?

"ಹೆಕ್ಟೇರ್ ಅಂದ್ರ ಎಷ್ಟವ್ವಾ?"

ಮಣ್ಣು ಪರೀಕ್ಷೆಯ ಕಾರ್ಡನ್ನು ನನ್ನ ಕೈಗಿಟ್ಟು, ನಾವು ಅವ್ವ ಎಂದೇ ಕರೆಯುತ್ತಿದ್ದ ರೈತ ಮಹಿಳೆ ಹೀಗೆ ಕೇಳಿದಾಗ ನಾನು ಬಿಎಸ್ಸಿ ಕೃಷಿಯ ಕೊನೆಯ ವರ್ಷದಲ್ಲಿದ್ದೆ. ಕಲಬುರಗಿ ಜಿಲ್ಲೆಯ ತೊಗರಿ ಸೀಮೆಯ ಊರದು. ಕಾರ್ಡು ದೇವರ ಫೋಟೊ ಹಿಂದೆ ಮಾಸದಂತೆ ಜೋಪಾನವಾಗಿತ್ತು. ಅದರಲ್ಲೇನಿದೆ ಎಂದು ಅವಳಿಗೆ ಯಾರೂ ಓದಿ ಹೇಳಿರಲಿಲ್ಲ.

ಕೃಷಿ ಪದವಿ ಓದುವವರು ಕೊನೆಯ ವರ್ಷದಲ್ಲಿ ಹೀಗೆ ಹಳ್ಳಿಯಲ್ಲಿದ್ದು ರೈತರೊಂದಿಗೆ ಕೆಲಸ ಮಾಡಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಅದರ ಹೆಸರು. ನಮ್ಮ ಬಾಯಲ್ಲಿ 'ರಾವೆ'. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೂ ನಾನು ಹೋಗಿದ್ದೆ, ಏಳು ದಿನ. ಗುಡಿಯಂಗಳ ಗುಡಿಸಿ ಸಸಿ ನೆಡಲು ಅಷ್ಟು ಸಾಕು. ಬೆಳೆಯ ಜೊತೆಗಿರಲು ತಿಂಗಳುಗಳೇ ಬೇಕು.

ಮೊದಲ ವಾರ ಹನುಮಪ್ಪನ ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದೆವು. ಪಠ್ಯದಲ್ಲಿದ್ದಂತೆ ನೀಲಿ ಪುಡಿ ಹಾಕಿ ಬೋರ್‌ವೆಲ್ ಗುರುತಿಸಿದರೆ, ಒಬ್ಬ ಮುದುಕಿ ಬಂದು ಕಾಲಿನಿಂದ ಒರೆಸಿದಳು. ಅದು ಬತ್ತಿ ಎರಡು ಬೇಸಿಗೆ ಕಳೆದಿತ್ತಂತೆ. ಆಮೇಲೆ ಪುಡಿಯ ಬಟ್ಟಲು ಹೆಂಗಸರ ಕೈಗೆ ಹೋಯಿತು, ನಾವು ನೋಟ್‌ಬುಕ್ ತೆಗೆದೆವು.

ಅವ್ವನ ಪ್ರಶ್ನೆಗೆ ಬರುತ್ತೇನೆ. ಮಳೆಯಾಶ್ರಯದ ತೊಗರಿಗೆ ಹೆಕ್ಟೇರಿಗೆ 25 ಕಿಲೊ ಸಾರಜನಕ, 50 ಕಿಲೊ ರಂಜಕ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಅವ್ವ ಹೊಲವನ್ನು ಲೆಕ್ಕ ಹಾಕುವುದು ಎಕರೆಯಲ್ಲಿ, ಗೊಬ್ಬರ ತರುವುದು ಚೀಲದಲ್ಲಿ. ಕಟ್ಟೆಯ ಮೇಲೆ ಕೂತು ಸುಣ್ಣದ ಕಡ್ಡಿಯಲ್ಲಿ ಲೆಕ್ಕ ಮಾಡಿದೆ. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಅಲ್ಲಿಗೆ ಎಕರೆಗೆ 10 ಕಿಲೊ ಸಾರಜನಕ, 20 ಕಿಲೊ ರಂಜಕ. 50 ಕಿಲೊದ ಡಿಎಪಿ ಚೀಲದಲ್ಲಿ ಸಾರಜನಕ 9 ಕಿಲೊ, ರಂಜಕ 23. ಎಕರೆಗೆ ಒಂದೇ ಚೀಲ ಸಾಕು! ಅವ್ವ ಎರಡು ಹಾಕುತ್ತಿದ್ದಳು, ಅದೂ ಸಾಲ ತಂದು. ನಾಲ್ಕು ವರ್ಷದ ಓದಿನಲ್ಲಿ ಈ ಸಣ್ಣ ಭಾಗಾಕಾರವನ್ನು ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಮರುದಿನದಿಂದ ಮನೆಮನೆಗೆ ಹೋಗಿ, ಕಾರ್ಡಿದ್ದವರಿಗೆಲ್ಲ ಎಕರೆ, ಚೀಲಗಳ ಲೆಕ್ಕದಲ್ಲಿ ಓದಿ ಹೇಳಿದೆವು. ನಾವು ಮಾಡಿದ್ದರಲ್ಲಿ ಅತ್ಯಂತ ಉಪಯುಕ್ತವಾದ ಕೆಲಸ ಅದೇ ಎಂದು ಇಂದಿಗೂ ನಂಬಿದ್ದೇನೆ.

ಭಾಷೆಯನ್ನೂ ಕಲಿಯಬೇಕಾಯಿತು. ನಾವು ಸೊರಗು ರೋಗ ಎಂದರೆ ಯಾರೂ ತಲೆಯಾಡಿಸಲಿಲ್ಲ. ಅವರಿಗೆ ಅದು 'ನೆಟೆ'. ನೆಟೆ ಎಂದ ಮೇಲೆ, ಅದನ್ನು ತಡೆಯಲು ಕಿಲೊ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ ಲೇಪಿಸುವುದನ್ನು ನೋಡಲು ಅಂಗಳ ತುಂಬ ಜನ.

ಆಗಸ್ಟಿನಲ್ಲಿ ಕುಡಿ ಚಿವುಟುವ ಹೊತ್ತು ಬಂತು. ಗಿಡದ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಪಕ್ಕದ ಮೊಗ್ಗುಗಳನ್ನು ತಡೆದಿಡುತ್ತದೆ. ಬಿತ್ತಿ 45-50 ದಿನಕ್ಕೆ ತುದಿ ಚಿವುಟಿದರೆ ಆ ಮೊಗ್ಗುಗಳು ಟೊಂಗೆಗಳಾಗುತ್ತವೆ, ಟೊಂಗೆ ಹೆಚ್ಚಿದರೆ ಕಾಯಿಯೂ ಹೆಚ್ಚು. ಇದನ್ನು ಹೇಳಿ ಮುಗಿಸುವ ಮೊದಲೇ ಅವ್ವ ಸಿಟ್ಟಾದಳು. "ಬೆಳ್ಯೂ ಕೂಸಿನ ನೆತ್ತಿ ಚೂಟಂತೀರೇನ?"

ಅವಳ ಸಿಟ್ಟು ನ್ಯಾಯವಾದದ್ದು. ತಪ್ಪಾದರೆ ನಮಗೆ ಹೋಗುವುದು ಅಂಕ, ಅವಳಿಗೆ ಒಂದು ವರ್ಷದ ಅನ್ನ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಬದುವಿನ ಪಕ್ಕದ ನಾಲ್ಕು ಸಾಲು ತೋರಿಸಿ, ಅಷ್ಟರಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂದಳು. ನಾವು ನಾಲ್ವರು ಹುಡುಗಿಯರು ಸಾಲಿಗೊಬ್ಬರಂತೆ ನಿಂತು ಚಿವುಟಿದೆವು. ಸಂಜೆಗೆ ಹೆಬ್ಬೆರಳಿನ ಉಗುರು ಹಸಿರಾಗಿತ್ತು.

ತೊಗರಿ ಹೂ ಕಟ್ಟುವ ಮುಂಚೆಯೇ ನಮ್ಮ ಅವಧಿ ಮುಗಿದು ಕಾಲೇಜಿಗೆ ಮರಳಿದೆವು. ವರದಿ ಒಪ್ಪಿಸಿದ್ದಾಯಿತು, ಅಂಕವೂ ಬಂತು. ಆ ಸಾಲುಗಳ ಚಿಂತೆ ಮಾತ್ರ ತಲೆಯಲ್ಲಿ ಉಳಿದಿತ್ತು.

ಸಂಕ್ರಾಂತಿ ಹೊತ್ತಿಗೆ ಫೋನು ಬಂತು. "ನಿಮ್ಮ ನಾಕ್ ಸಾಲು ಬ್ಯಾರೆ ರಾಶಿ ಮಾಡೀನಿ. ಬಾಜೂದ ನಾಕ್ ಸಾಲಿಂದೂ ಬ್ಯಾರೆ ಇಟ್ಟೀನಿ. ಬಂದು ತೂಗ್ರಿ."

ಹೋಲಿಕೆಗೆ ಪಕ್ಕದ ಸಾಲು ಬಿಡಬೇಕೆಂದು ನಾವು ಅವಳಿಗೆ ಹೇಳಿಕೊಟ್ಟಿರಲೇ ಇಲ್ಲ. ಆ ಭಾನುವಾರ ಬೆಳಗಿನ ಮೊದಲ ಬಸ್ಸು ಹಿಡಿದೆ. ಕಣದಲ್ಲಿ ಎರಡು ರಾಶಿ, ನಡುವೆ ತಕ್ಕಡಿ. ನಾನು ಬರುವವರೆಗೆ ಅವಳು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.