ಕಾಲಮಿತಿ ಮೀರಿದರೆ ಕೆಲಸ ನಿಂತಂತೆಯೇ?

ಶಾಲೆಯ 500 ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಒಂದೇ ಕಡತವಾಗಿ ಸಿದ್ಧಪಡಿಸಿಕೊಡುವ ಜಾಲತಾಣವೊಂದಿದೆ ಎಂದುಕೊಳ್ಳೋಣ. ಶಿಕ್ಷಕರು ಗುಂಡಿ ಒತ್ತುತ್ತಾರೆ. ಒಂದು ನಿಮಿಷ ಕಳೆದ ಮೇಲೆ ಪರದೆಯಲ್ಲಿ '504' ಎಂಬ ಸಂಖ್ಯೆ ಮೂಡುತ್ತದೆ. ಕಾಲಮಿತಿ ಮೀರಿತು ಎಂಬುದು ಇದರ ಅರ್ಥ. ಕೆಲಸ ಆಗಲಿಲ್ಲವೆಂದು ಅವರು ಮತ್ತೆ ಗುಂಡಿ ಒತ್ತುತ್ತಾರೆ. ಆದರೆ ಮೊದಲ ಕೆಲಸ ನಿಜವಾಗಿಯೂ ನಿಂತಿದೆಯೇ?

ಬ್ರೌಸರ್ ಕಳಿಸಿದ ಕೋರಿಕೆಯನ್ನು ಹಲವು ತಾಣಗಳಲ್ಲಿ ಎರಡು ತಂತ್ರಾಂಶಗಳು ನಿರ್ವಹಿಸುತ್ತವೆ. ಮುಂದಿನದು ಕೋರಿಕೆಯನ್ನು ಸ್ವೀಕರಿಸಿ ಒಳಗೆ ದಾಟಿಸುತ್ತದೆ. ಹಿಂದಿನದು ಕೆಲಸ ಮಾಡುತ್ತದೆ. ಮುಂದಿನ ಸ್ಥಾನದಲ್ಲಿ ಹೆಚ್ಚಾಗಿ ಬಳಸುವ 'ಎಂಜಿನ್‌ಎಕ್ಸ್' ತಂತ್ರಾಂಶವು, ಬೇರೆ ಸೂಚನೆ ಇಲ್ಲದಿದ್ದರೆ, ಒಳಗಿನಿಂದ 60 ಸೆಕೆಂಡು ಏನೂ ಬಾರದಾಗ ಕಾಯುವುದನ್ನು ಬಿಟ್ಟು 504 ಎಂದು ಉತ್ತರಿಸುತ್ತದೆ. ಒಂದು ಅಂಕಪಟ್ಟಿಗೆ ಅರ್ಧ ಸೆಕೆಂಡು ಹಿಡಿದರೂ 500ಕ್ಕೆ 250 ಸೆಕೆಂಡು ಬೇಕಲ್ಲವೇ?

ಹಾಗಾದರೆ ಮಿತಿಯನ್ನು 600 ಸೆಕೆಂಡಿಗೆ ಏರಿಸಬಾರದೇಕೆ? ಏಕಕಾಲದಲ್ಲಿ ಎಷ್ಟು ಕೋರಿಕೆಗಳನ್ನು ನಿರ್ವಹಿಸಬಹುದು ಎಂಬುದಕ್ಕೂ ಮಿತಿ ಇದೆ. ಅದು 10 ಆಗಿದ್ದು, 10 ಶಿಕ್ಷಕರು ಒಟ್ಟಿಗೆ ಗುಂಡಿ ಒತ್ತಿದರೆ, ಹನ್ನೊಂದನೆಯವರಿಗೆ ನಾಲ್ಕು ನಿಮಿಷ ಸರಳ ಪುಟವೂ ತೆರೆಯದು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. 504 ಎಂದರೆ 'ಕೆಲಸ ವಿಫಲವಾಯಿತು' ಎಂದಲ್ಲ, 'ಉತ್ತರ ಬರಲಿಲ್ಲ' ಎಂದಷ್ಟೆ. ಒಳಗೆ ಕೆಲಸ ಇನ್ನೂ ನಡೆಯುತ್ತಿರಬಹುದು. ಮತ್ತೆ ಗುಂಡಿ ಒತ್ತಿದರೆ ಅದೇ ಕೆಲಸ ಎರಡು ಬಾರಿ ಆಗಬಹುದು. ಅಂಕಪಟ್ಟಿಯಾದರೆ ಕಾಲ ವ್ಯರ್ಥ. ಶುಲ್ಕ ಪಾವತಿಯಾದರೆ ಹಣ ಎರಡು ಸಲ ಕಡಿತವಾದೀತು!

ಪರಿಹಾರ ನಮ್ಮ ಹಿಟ್ಟಿನ ಗಿರಣಿಯಲ್ಲೇ ಇದೆ. ಜನ ಹೆಚ್ಚಿದ್ದಾಗ ನಾವು ರಾಗಿಯ ಡಬ್ಬಿಯನ್ನು ಅಲ್ಲಿಟ್ಟು, ಹೆಸರು ಹೇಳಿ ಮನೆಗೆ ಬರುತ್ತೇವೆ. ಸಂಜೆ ಹೋಗಿ ಹಿಟ್ಟು ತರುತ್ತೇವೆ. ಸರ್ವರ್ ಕೂಡ ದೀರ್ಘ ಕೆಲಸವನ್ನು ಸರತಿಯಲ್ಲಿ ದಾಖಲಿಸಿ, ಅದಕ್ಕೊಂದು ಸಂಖ್ಯೆ ಕೊಟ್ಟು ತಕ್ಷಣ ಉತ್ತರಿಸಬಹುದು. 'ಸ್ವೀಕರಿಸಲಾಗಿದೆ, ಇನ್ನೂ ಮುಗಿದಿಲ್ಲ' ಎನ್ನುವ 202 ಎಂಬ ಸಂಕೇತ 1996ರ ಎಚ್‌ಟಿಟಿಪಿ 1.0 ವಿವರಣೆಯಲ್ಲೇ ಇದೆ. ಬೇರೊಂದು ಪ್ರಕ್ರಿಯೆ ಸರತಿಯಿಂದ ಕೆಲಸಗಳನ್ನು ಒಂದೊಂದಾಗಿ ಎತ್ತಿಕೊಂಡು ಹಿನ್ನೆಲೆಯಲ್ಲಿ ಮುಗಿಸುತ್ತದೆ. ಬ್ರೌಸರ್ ಆಗಾಗ ಆ ಸಂಖ್ಯೆ ಹೇಳಿ 'ಮುಗಿಯಿತೇ?' ಎಂದು ಕೇಳಿದರಾಯಿತು. ಯೂಟ್ಯೂಬ್‌ಗೆ ವಿಡಿಯೊ ಪೂರ್ಣವಾಗಿ ಏರಿದ ಮೇಲೆ ಪುಟ ಮುಚ್ಚಿದರೂ ಅದರ ಸಂಸ್ಕರಣೆ ಮುಂದುವರಿಯುವುದು ಹೀಗೆಯೇ.

ಇಷ್ಟಾದರೂ ಉತ್ತರ ದಾರಿಯಲ್ಲಿ ಕಳೆದುಹೋಗಬಹುದು. ಅದಕ್ಕಾಗಿ ಗುಂಡಿ ಒತ್ತುವ ಮೊದಲೇ ಪುಟಕ್ಕೊಂದು ವಿಶಿಷ್ಟ ಗುರುತು ಕೊಟ್ಟಿರಬೇಕು. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹೊಸ ಕೆಲಸ ಆರಂಭಿಸದೆ ಹಳೆಯದರ ಸ್ಥಿತಿಯನ್ನು ತಿಳಿಸುತ್ತದೆ. ಎಷ್ಟು ಸಲ ಒತ್ತಿದರೂ ಕೆಲಸ ಒಂದೇ!

ಮುಂದೆ ತಂತ್ರಾಂಶ ಬರೆಯಲಿರುವ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟೆ: ಉತ್ತರ ಬಾರದಿರುವುದೇ 'ಇಲ್ಲ' ಎಂಬ ಉತ್ತರವಲ್ಲ.